ಮಹಾರಾಜನ ಅಳತೆಯ ಮೈಕು

ಗೌನಿಪಲ್ಲಿಯ ಕದಿರೇಶ ಎಲ್ಲಿಗೆ ಹೊರಟರೂ ಅವನ ಕಂಕುಳಲ್ಲಿ ಒಂದು ಮಾವಿನ ಕ್ರೇಟು ಇರುತ್ತಿತ್ತು. ನೀಲಿ ಪ್ಲಾಸ್ಟಿಕ್ಕಿನದು, ಶ್ರೀನಿವಾಸಪುರದ ಮಂಡಿಯದು, ಒಂದು ಮೂಲೆ ಸೀಳಿದ್ದು. ಬೇರೆಯವರು ಮನೆ ಬಿಡುವಾಗ ಬೀಗ ಹಾಕಿದೆನೇ, ಮೊಬೈಲು ಇಟ್ಟುಕೊಂಡೆನೇ ಎಂದು ತಡವಿ ನೋಡಿಕೊಂಡರೆ ಇವನು ಕ್ರೇಟು ನೋಡಿಕೊಳ್ಳುತ್ತಿದ್ದ. ಬ್ಯಾಂಕಿನಲ್ಲಿ, ಮೆಡಿಕಲ್ ಸ್ಟೋರಿನಲ್ಲಿ, ಹೋಟೆಲಿನ ಗಲ್ಲಾದ ಮುಂದೆ ಅದನ್ನು ಬೋರಲು ಹಾಕಿ, ಹತ್ತಿ ನಿಂತು, ಒಮ್ಮೆ ಕೆಮ್ಮಿ, "ಸಾರ್" ಎನ್ನುತ್ತಿದ್ದ. ಅಲ್ಲಿಯವರೆಗೆ ಯಾರೂ ಇಲ್ಲದ ಜಾಗದಲ್ಲಿ ದಪ್ಪ ಮೀಸೆಯ ತಲೆಯೊಂದು ಏಕಾಏಕಿ ಎದ್ದದ್ದನ್ನು ಕಂಡು ಪೆನ್ನು ಕೈಬಿಟ್ಟ ಗುಮಾಸ್ತರು ಬೇಕಾದಷ್ಟು ಜನ ಇದ್ದಾರೆ.

ಅವನ ಎತ್ತರ ಮೂರೂವರೆ ಅಡಿ. ಮೀಸೆಯನ್ನು ಮೇಲಕ್ಕೆ ತಿರುವಿದರೆ ಇನ್ನೂ ಒಂದು ಚೂರು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಒಮ್ಮೆ ತಾಯಿ ಬೈರಮ್ಮನ ಜೊತೆ ಕೋಲಾರದ ಬಸ್ಸಿನಲ್ಲಿ ಹೋಗುವಾಗ ಹೊಸ ಕಂಡಕ್ಟರೊಬ್ಬ ಹಿಂದಿನಿಂದ ಬಂದು, ಮುಖ ನೋಡದೆ, "ಮಗೂಗೆ ಎಷ್ಟು ವಯಸ್ಸಮ್ಮಾ? ಅರ್ಧ ಟಿಕೆಟ್ಟಾ?" ಎಂದ. ಬೈರಮ್ಮ ಬಾಯೊಳಗಿನ ಎಲೆಅಡಿಕೆಯನ್ನು ದವಡೆಗೆ ಸರಿಸಿ, "ಮೂವತ್ತೆಂಟು ನಾಯನಾ. ಇನ್ನೂ ಮದುವೆ ಆಗಿಲ್ಲ. ನಿಮ್ಮ ಕಡೆ ಯಾವುದಾದ್ರೂ ಹೆಣ್ಣಿದ್ರೆ ಹೇಳು, ಎರಡು ಫುಲ್ ಟಿಕೆಟ್ ತಗೊಂಡುಬಿಡ್ತೀನಿ" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಕದಿರೇಶನೇ ನಕ್ಕ.

ಕುಳ್ಳ ಎಂದರೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಎತ್ತಿದರೆ ಬರುತ್ತಿತ್ತು. ನಮ್ಮ ಕಡೆ ಜನ ಒಳ್ಳೆಯವರು, ಅದೇ ತೊಂದರೆ. ಸಹಾಯ ಬೇಕೇ ಎಂದು ಕೇಳುವುದಕ್ಕೂ ಪುರುಸೊತ್ತಿಲ್ಲದಷ್ಟು ಒಳ್ಳೆಯವರು. ಒಂದು ಸಲ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಅವನು ಯಾರನ್ನೋ ಕಾಯುತ್ತ ಬಸ್ಸಿನ ಬಾಗಿಲ ಹತ್ತಿರ ನಿಂತಿದ್ದ. ಹಿಂದಿದ್ದ ಪುಣ್ಯಾತ್ಮ ಕಂಕುಳಿಗೆ ಕೈಹಾಕಿ ಎತ್ತಿ ಒಳಗಿಟ್ಟ. ಒಳಗಿದ್ದವರು ಕೈಯಿಂದ ಕೈಗೆ ದಾಟಿಸಿ ಸೀಟಿನ ಮೇಲೆ ಕೂರಿಸಿದರು. "ನಾನು ಹೋಗೋನಲ್ಲ ಕಣ್ರೀ" ಎಂದು ಅವನು ಕಿರುಚುವಷ್ಟರಲ್ಲಿ ಬಸ್ಸು ಹೊರಟಿತ್ತು, ಅವನು ಚಿಂತಾಮಣಿ ನೋಡಿಕೊಂಡು ಬಂದ. ಹೀಗಾಗಿ ಅವನಿಗೆ ಕುರುಡುಮಲೆಯ ಗಣಪತಿ ಗುಡಿ ಎಂದರೆ ವಿಶೇಷ ಪ್ರೀತಿ. ಅಷ್ಟೆತ್ತರದ ಗಣಪನ ಮುಂದೆ ಯಾರೇ ಬಂದರೂ ಕತ್ತು ಮೇಲೆತ್ತಲೇಬೇಕು. "ಇಲ್ಲಿ ಎಲ್ಲಾರೂ ನನ್ನ ಸೈಜೇ" ಎನ್ನುತ್ತಿದ್ದ.

ಎತ್ತಿಸಿಕೊಳ್ಳುವ ಈ ಕರ್ಮ ಶುರುವಾದದ್ದು ನಾಟಕದಿಂದ. ದೊಡ್ಡವೆಂಕಟಪ್ಪ ಮೇಷ್ಟ್ರು ಎಂದರೆ ಶಾಲೆ ಮೇಷ್ಟ್ರಲ್ಲ, ಹಾರ್ಮೋನಿಯಂ ಹಿಡಿದು ಹಳ್ಳಿ ಹಳ್ಳಿಗೆ ನಾಟಕ ಕಲಿಸುವ ಮೇಷ್ಟ್ರು. ಜೀವಮಾನದಲ್ಲಿ ಅವರು ಬರೆದದ್ದು ಒಂದೇ ನಾಟಕ, 'ಪ್ರಚಂಡ ವೀರಕೇತು'. ಅದರಲ್ಲಿ ಪದ್ಯಗಳು ತೆಲುಗು, ಮಾತು ಕನ್ನಡ, ಕಲಿಸುವಾಗಿನ ಬೈಗುಳ ಎರಡೂ. ಒಂದು ದೃಶ್ಯದಲ್ಲಿ ಶತ್ರುರಾಜ ರಣಧೀರ ಬಂದು ವೀರಕೇತು ಮಹಾರಾಜನ ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಂಡು ಹೋಗುತ್ತಾನೆ. ಆರನೇ ವಯಸ್ಸಿಗೆ ಕದಿರೇಶ ಆ ತೊಟ್ಟಿಲು ಸೇರಿದ. ಬೇರೆ ಊರಿನ ಮಕ್ಕಳು ಎರಡು ವರ್ಷಕ್ಕೆ ತೊಟ್ಟಿಲು ಮೀರಿ ಬೆಳೆದು ಮೇಷ್ಟ್ರ ಹೊಟ್ಟೆ ಉರಿಸುತ್ತಿದ್ದರು. ಇವನು ಉರಿಸಲಿಲ್ಲ. ಮೀಸೆ ಬಂದ ಮೇಲೂ ಬೋಳಿಸಿ, ಪೌಡರು ಬಳಿದು, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು ಮಲಗಿಸಿದರೆ ಪಾತ್ರಕ್ಕೆ ಅವನು ತಯಾರು. ತೊಟ್ಟಿಲು ಮಾತ್ರ ಕೊನೆಕೊನೆಗೆ ಬಹಳ ಕಿರುಗುಟ್ಟುತ್ತಿತ್ತು.

ನಮ್ಮ ಕಡೆಯ ನಾಟಕದಲ್ಲಿ ಪಾತ್ರ ಮಾಡಿದವನಿಗೆ ಸಂಬಳವಿಲ್ಲ. ಪಾತ್ರ ಹಿಡಿದವನೇ ಕೈಯಿಂದ ಖರ್ಚು ಹಾಕಬೇಕು. ಯಾರು ಮೊದಲು ಮೇಷ್ಟ್ರ ಹಾರ್ಮೋನಿಯಂ ಮೇಲೆ ವೀಳ್ಯದೆಲೆ ಇಡುತ್ತಾರೋ ಪಾತ್ರ ಅವರದು. ಮಹಾರಾಜನ ಪಾತ್ರ ಎಲ್ಲಕ್ಕಿಂತ ಭಾರ, ಮೈಕ್ ಸೆಟ್ಟಿನ ಬಾಡಿಗೆಯೂ ಅವನ ತಲೆಗೇ. ಆದ್ದರಿಂದ ಆ ಪಾತ್ರ ವರ್ಷವೂ ಮಂಡಿ ಚನ್ನರಾಯಪ್ಪನಿಗೇ ಹೋಗುತ್ತಿತ್ತು. ಮಾವಿನ ಮಂಡಿ ಇಟ್ಟವನು, ಆರಡಿ ಮೇಲೆ ಎರಡು ಅಂಗುಲ ಇದ್ದವನು. ಅವನಿಗೂ ರಣಧೀರನ ಪಾತ್ರದವನಿಗೂ ಒಂದು ವರ್ಷ ಯುದ್ಧದ ದೃಶ್ಯದಲ್ಲಿ ಮೈಕು ಏರಿಸಬೇಕೋ ಇಳಿಸಬೇಕೋ ಎಂದು ನಿಜವಾದ ಯುದ್ಧವೇ ಆಗಿ, ಮೈಕಿನ ಸ್ಟ್ಯಾಂಡು ಹಾರ್ಮೋನಿಯಂ ಮೇಲೆ ಬಿತ್ತು. ಹಾರ್ಮೋನಿಯಂನ ಎರಡು ಮನೆ ಸತ್ತವು. ಅಂದು ಮೇಷ್ಟ್ರು ಕಣ್ಣೀರು ಹಾಕಿಕೊಂಡು ಒಂದು ರೂಲ್ಸು ಮಾಡಿದರು. ಮೈಕಿನ ಖರ್ಚು ಮಹಾರಾಜನದು, ಆದ್ದರಿಂದ ಮೈಕೂ ಮಹಾರಾಜನ ಬಾಯಿಯ ಅಳತೆಗೇ ನಿಲ್ಲಬೇಕು. ಆಟಕ್ಕೆ ಮುಂಚೆ ಸ್ಟ್ಯಾಂಡಿಗೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಕಟ್ಟಿ ಪೂಜೆ ಮಾಡಬೇಕು. ಪೂಜೆಯಾದ ಮೇಲೆ ಮಂಗಳಾರತಿಯವರೆಗೆ ಅದನ್ನು ಯಾರೂ ಮುಟ್ಟಕೂಡದು.

ಮಿಕ್ಕವರೆಲ್ಲ ಹಿಮ್ಮಡಿ ಎತ್ತಿ ಹೇಗೋ ಸುಧಾರಿಸಿಕೊಂಡರು. ತೊಟ್ಟಿಲ ಮಗು ಎದ್ದು ನಿಂತು ಹಾಡುವ ಪದ್ಯವೂ ಒಂದಿತ್ತು, ಅದಕ್ಕೆ ಚನ್ನರಾಯಪ್ಪನೇ ಮಂಡಿಯಿಂದ ಕ್ರೇಟು ತರಿಸಿದ. ಕದಿರೇಶನ ಜೀವನದಲ್ಲಿ ಕ್ರೇಟು ಬಂದದ್ದು ಹೀಗೆ.

ಮುಂದೆ ಮಾಲೂರಿನ ಏಜೆಂಟೊಬ್ಬ ಅವನನ್ನು ನಾಟಕದಲ್ಲಿ ನೋಡಿ ಸಿನಿಮಾಕ್ಕೆ ಕರೆದುಕೊಂಡು ಹೋದ. ಕನ್ನಡ, ತೆಲುಗು ಎರಡರಲ್ಲೂ ಕೈತುಂಬ ಕೆಲಸ. ನಿರ್ದೇಶಕರೆಲ್ಲರ ಕಲ್ಪನೆಯೂ ಒಂದೇ ದಾರಿಯಲ್ಲಿ ಓಡುತ್ತಿತ್ತು. ಒಬ್ಬರು ಅವನನ್ನು ಸೂಟ್‌ಕೇಸಿನಲ್ಲಿ ತುಂಬಿಸಿದರು, ಇನ್ನೊಬ್ಬರು ಟೊಮೇಟೊ ಲಾರಿಗೆ ಎಸೆಸಿದರು, ಮತ್ತೊಬ್ಬರು ನಾಯಕಿಯ ಮಡಿಲಿನಲ್ಲಿ ಬಾಟಲಿ ಹಾಲು ಕುಡಿಸಿದರು. ಒಂದು ಚಿತ್ರದಲ್ಲಿ ನಾಯಕ ಅವನನ್ನು ಎತ್ತಿ ತೆಂಗಿನ ಮರಕ್ಕೆ ನೇತುಹಾಕುತ್ತಾನೆ. ಆಗ ಅವನು ಕಾಲು ಬಡಿಯುತ್ತ, "ಅಣ್ಣಾ, ಇಳಿಸಣ್ಣಾ!" ಎನ್ನಬೇಕು. ಅಷ್ಟೇ ಮಾತು. ಅದು ಎಷ್ಟು ಹಿಡಿಯಿತೆಂದರೆ ಕೋಲಾರ ಜಿಲ್ಲೆಯಲ್ಲಿ ಆಮೇಲೆ ಯಾರೂ ಬಸ್ಸನ್ನು ಸುಮ್ಮನೆ ನಿಲ್ಲಿಸುತ್ತಿರಲಿಲ್ಲ. "ಅಣ್ಣಾ, ಇಳಿಸಣ್ಣಾ" ಎಂದೇ ಕೂಗುತ್ತಿದ್ದರು.

ಆದರೆ ಎಸೆಸಿಕೊಳ್ಳುವುದಕ್ಕೂ ಒಂದು ಮಿತಿ ಇದೆ. ಹೀಗೇ ಒಂದು ದಿನ ಎಸೆದವನ ಗುರಿ ತಪ್ಪಿ, ಹಾಸಿಗೆಯ ಬದಲು ನೆಲಕ್ಕೆ ಬಿದ್ದು, ಬೆನ್ನುಮೂಳೆಗೆ ಪೆಟ್ಟಾಯಿತು. ಇನ್ನೊಂದು ಸಲ ಬಿದ್ದರೆ ನಡೆಯುವ ಆಸೆ ಬಿಡಿ ಎಂದರು ಡಾಕ್ಟರು. ಆಸ್ಪತ್ರೆಗೆ ಸಿನಿಮಾದವರು ಯಾರೂ ಬರಲಿಲ್ಲ. ಬೈರಮ್ಮ ಬಂದು ರಾಗಿ ಗಂಜಿ ಕುಡಿಸಿ, "ಬಾ ನಾಯನಾ, ಮನೆಗೆ ಹೋಗಾಣ" ಎಂದಳು. ಅವನಿಗೆ ಆಗ ಅಳು ಬಂತು, ಅತ್ತ. ಊರಿಗೆ ಬಂದು ಇರುವ ನಾಲ್ಕು ಮಾವಿನ ಮರ ನೋಡಿಕೊಂಡು ಕೂತ.

ಅಂಗವಿಕಲರ ಪಿಂಚಣಿಗೆಂದು ಅವನು ಒಂದು ಕಚೇರಿಗೆ ಹೋದದ್ದು ಆಗ. ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಮಿಕ್ಕ ಕಚೇರಿಗಳಿಗೆ ತಾವು ಸಾಚಾ ಎಂಬ ಭ್ರಮೆ ಬರುತ್ತದೆ. ಅಲ್ಲಿ ಅಂಗವಿಕಲರಿಗೆ ಎಂದೇ ಒಂದು ಬೇರೆ ಕಿಟಕಿ ಮಾಡಿದ್ದರು. ಅದನ್ನು ಒಳ್ಳೆಯ ಆಳುದ್ದದ ಗಂಡಸಿನ ಎದೆಮಟ್ಟಕ್ಕೆ ಇಟ್ಟಿದ್ದರು. ಕದಿರೇಶ ಕ್ರೇಟು ಬೋರಲು ಹಾಕಿ ಹತ್ತಿದ, ಕೆಮ್ಮಿದ, ಕೆಲಸ ಮುಗಿಸಿಕೊಂಡು ಇಳಿದ. ಇಳಿದಾಗ ಕೆಳಗೆ ಒಬ್ಬ ಹೆಂಗಸು ಕೂತಿದ್ದಳು. ಪೋಲಿಯೊದಲ್ಲಿ ಎರಡೂ ಕಾಲು ಹೋಗಿ, ಕೈಗೆ ಹವಾಯಿ ಚಪ್ಪಲಿ ಹಾಕಿಕೊಂಡು ನೆಲದ ಮೇಲೆ ತೆವಳುವ ಅಶ್ವತ್ಥಮ್ಮ. ಅವಳು "ಸಾರ್, ಸಾರ್" ಎಂದು ಕೆಳಗಿನಿಂದ ಕೂಗುತ್ತಿದ್ದಳು. ಮೇಲಿನಿಂದ ಒಂದು ಗಡಸು ದನಿ, "ಯಾರೂ ಇಲ್ವಲ್ಲ? ನೆಕ್ಸ್ಟ್!" ಎನ್ನುತ್ತಿತ್ತು.

"ತಗೋ ಅಕ್ಕ, ಇದರ ಮೇಲೆ ಹತ್ತು" ಎಂದು ಕದಿರೇಶ ಕ್ರೇಟು ಅವಳ ಮುಂದೆ ಸರಿಸಿದ.

ಅಶ್ವತ್ಥಮ್ಮ ಕ್ರೇಟು ನೋಡಿದಳು, ಅವನನ್ನು ನೋಡಿದಳು. "ನೋಡ್ಕೊಂಡು ಮಾತಾಡಪ್ಪ. ಏನ್ ಹತ್ತಲಿ ನಾನು?"

ಕದಿರೇಶ ನಾಲಿಗೆ ಕಚ್ಚಿಕೊಂಡ. "ಹಂಗಾರೆ ನಾನೇ ಒಳಗೆ ಹೇಳ್ತೀನಿ, ಬಿಡಕ್ಕ."

"ನೀನ್ಯಾಕೆ ಹೇಳ್ಬೇಕು? ನಾನೇನು ಮೂಗೀನಾ? ನಿನಗೇನೋ ಕ್ರೇಟು ಐತೆ, ನಡೀತದೆ. ಇಲ್ಲಿಗೆ ಬರೋರೆಲ್ಲಾ ಏನ್ ಮಂಡಿ ಸಾಹುಕಾರರಾ?"

ಆ ಮಾತು ಅವನಿಗೆ ಸರಿಯಾಗಿ ನಾಟಿತು. ಇಷ್ಟು ವರ್ಷ ತಾನು ಮೇಲೆ ಹತ್ತುವ ಉಪಾಯ ಹುಡುಕಿದ್ದನೇ ಹೊರತು, ಮೇಲಿರುವುದನ್ನು ಕೆಳಗೆ ತರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅಂದೇ ಅವನು ಅಶ್ವತ್ಥಮ್ಮನಿಗೆ, "ಅಕ್ಕ, ಈ ಕಿಟಕಿ ಇಳಿಸದೆ ನಾನು ಬಿಡಲ್ಲ" ಎಂದ. ಅವಳು, "ಸಿನಿಮಾದೋರ ಮಾತು" ಎಂದು ಚಪ್ಪಲಿ ಕೈಯೂರಿಕೊಂಡು ಹೊರಟುಹೋದಳು.

ಅವನು ಸಂಘ ಕಟ್ಟಿದ. ಮಾಲೂರು, ಮುಳಬಾಗಿಲುಗಳಿಂದಲೂ ಜನ ಸೇರಿದರು. "ಎತ್ತಬೇಡಿ, ಇಳಿಸಿ" ಎಂದು ಆಟೋಗಳ ಹಿಂದೆ ಬರೆಸಿದ. ಒಂದು ಛತ್ರಕ್ಕೆ ಇಳಿಜಾರು ಬಂತು, ಒಂದು ಸಂತೆಮಾಳದಲ್ಲಿ ನೀರಿನ ನಲ್ಲಿ ಮೊಣಕಾಲಿನ ಮಟ್ಟಕ್ಕೆ ಇಳಿಯಿತು, ಕಿವಿ ಕೇಳದವರಿಗೆ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಬಂತು. ಜನ ಅವನನ್ನು ಲೀಡರ್ ಎಂದು ಕರೆಯತೊಡಗಿದರು. ಆ ಕಿಟಕಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಕಿಟಕಿಯ ದೊಡ್ಡ ಸಾಹೇಬರು ವೇಣುಗೋಪಾಲ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕದಿರೇಶ ಬಂದ ಕೂಡಲೇ ಕಾಫಿ ತರಿಸುತ್ತಿದ್ದರು, ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲೆ ಕೂರಿಸಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, "ಸಾರ್, ಕಾನೂನಿದೆ. ದಯವಿಟ್ಟು ಆ ಕಿಟಕಿ ಇಳಿಸಿ ಸಾರ್" ಎನ್ನುವುದೇ ತಡ, ಸಾಹೇಬರಿಗೆ ತೆಂಗಿನ ಮರ ನೆನಪಾಗಿ ನಗು ಒತ್ತರಿಸಿಕೊಂಡು ಬರುತ್ತಿತ್ತು.

"ರೀ ಕದಿರೇಶ್, ಅದೊಂದು ಸಲ ಹಂಗೇ ಹೇಳ್ರೀ. ನಮ್ಮನೆಯವಳಿಗೆ ವಿಡಿಯೋ ಕಳಿಸ್ತೀನಿ."

"ಸಾರ್, ಕಿಟಕಿ..."

"ಅದಕ್ಕೆ ರೂಲ್ಸಿಲ್ಲ ಕಣ್ರೀ. ಒಂದ್ ಸಲ ಇಟ್ಟ ಕಿಟಕಿ ಇಳಿಸೋಕೆ ರೂಲ್ಸಲ್ಲಿ ಜಾಗಾನೇ ಇಲ್ಲ. ಕಾಫಿ ಕುಡೀರಿ, ಆರೋಗುತ್ತೆ."

ಧರಣಿ ಕೂತರು. ಕಚೇರಿಯ ಮುಂದೆ ಕದಿರೇಶ, ಅಶ್ವತ್ಥಮ್ಮ, ಸಂಘದವರೆಲ್ಲ ಚಾಪೆ ಹಾಸಿ ಘೋಷಣೆ ಕೂಗಿದರು. ಅರ್ಧ ಗಂಟೆಯಲ್ಲಿ ಜಾತ್ರೆಯಷ್ಟು ಜನ ಸೇರಿತು. ಕ್ಯಾಮೆರಾ ಎಲ್ಲಿಟ್ಟಿದ್ದಾರೆ ಎಂದು ಒಬ್ಬ ಮರ ಹತ್ತಿ ಹುಡುಕಿದ. ಹೀರೋಯಿನ್ ಕಾರಲ್ಲೇ ಕೂತಿದ್ದಾಳಂತೆ ಎಂದು ಸುದ್ದಿ ಹಬ್ಬಿ, ಅರ್ಧ ಜನ ಸಾಹೇಬರ ಜೀಪಿನೊಳಗೆ ಇಣುಕಿದರು. ಕೊನೆಗೆ ವೇಣುಗೋಪಾಲರೇ ಹೊರಗೆ ಬಂದು, "ಯಾವ ಪಿಕ್ಚರು?" ಎಂದರು.

ಅಂದು ಸಂಜೆ ಕದಿರೇಶ ಮನೆಯಲ್ಲಿ ಊಟ ಬೇಡ ಎಂದ. ನೋವಾಗಿತ್ತು. ಕಿಟಕಿ ಇಳಿಯದಿರುವುದಕ್ಕಿಂತ, ತಾನು ಹೇಳಿದ್ದನ್ನು ಒಬ್ಬರಾದರೂ ನಗದೆ ಕೇಳಲಿಲ್ಲವಲ್ಲ ಎಂಬುದು ಹೆಚ್ಚು ನೋವು. ಬೈರಮ್ಮ ಮುದ್ದೆ ತಟ್ಟೆಗೆ ಹಾಕುತ್ತ, "ನೀನು ಆಟ ಆಡಿದ್ರೇನೇ ಜನ ನೋಡೋದು ಅಂದ್ರೆ, ಹೋಗಿ ಆಟಾನೇ ಆಡು" ಎಂದಳು. ಅವಳು ಸುಮ್ಮನೆ ಅಂದಿದ್ದು. ಇವನು ಮುದ್ದೆ ಮುರಿಯುತ್ತ ಮುರಿಯುತ್ತ ಕೈ ನಿಲ್ಲಿಸಿಬಿಟ್ಟ. ಮೇಷ್ಟ್ರ ಆ ಹಳೆಯ ಮೈಕಿನ ರೂಲ್ಸು ಊರಿಗೆಲ್ಲ ಬರೀ ಅಭ್ಯಾಸವಾಗಿ, ಅದರ ಅರ್ಥ ಮರೆತಿತ್ತು. ಕ್ರೇಟಿನ ಮೇಲೆ ನಿಂತವನಿಗೆ ಮರೆತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ದೊಡ್ಡವೆಂಕಟಪ್ಪ ಮೇಷ್ಟ್ರ ಮನೆಗೆ ಹೋಗಿ ಹಾರ್ಮೋನಿಯಂ ಮೇಲೆ ವೀಳ್ಯ ಇಟ್ಟ. "ಈ ವರ್ಷ ಮಹಾರಾಜ ನಾನು. ಮೈಕಿನ ಖರ್ಚಿಗೆ ಸಿನಿಮಾದಲ್ಲಿ ಉಳಿಸಿದ್ದೈತೆ."

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಲೇ ಕದಿರಾ, ವೀರಕೇತು ಅಂದ್ರೆ ಆಜಾನುಬಾಹು ಕಣೋ. ನನ್ನ ಪದ್ಯದಲ್ಲೇ ಐತಲ್ಲೋ!"

"ಪದ್ಯ ಬರೆದೋರು ನೀವು ತಾನೆ? ತಿದ್ದಿ ಮೇಷ್ಟ್ರೇ."

"ತಿದ್ದೋದಾ! ಏಮ್ರಾ ನುವ್ವು, ನನಗೇ ಪಾಠ ಹೇಳ್ತೀಯಾ? ಒಡ್ಡೋಲಗದ ಪದ್ಯ ಹಾಡು ನೋಡಾಣ. ಗುಂಡಿಗೆ ಬೇಕು ಅದಕ್ಕೆ."

ಎಷ್ಟೋ ವರ್ಷ ತೊಟ್ಟಿಲಲ್ಲಿ ಕಣ್ಣುಮುಚ್ಚಿ ಮಲಗಿ ಅವನು ಕೇಳಿದ್ದು ಅದೇ ಪದ್ಯಗಳನ್ನು. ಕದಿರೇಶ ಬಾಯಿ ತೆರೆದ. ದನಿ ಮೂರೂವರೆ ಅಡಿಯದಾಗಿರಲಿಲ್ಲ. ಎರಡನೇ ಸಾಲಿಗೆ ಮೇಷ್ಟ್ರ ಬೆರಳು ತಾವಾಗಿಯೇ ಹಾರ್ಮೋನಿಯಂ ಮನೆಗಳ ಮೇಲೆ ಹೋದವು. ಪದ್ಯ ಮುಗಿದಾಗ ಅವರು ವೀಳ್ಯ ಎತ್ತಿ ಕಣ್ಣಿಗೆ ಒತ್ತಿಕೊಂಡರು.

ಮಂಡಿ ಚನ್ನರಾಯಪ್ಪ ಹಾರಾಡಿದ. ಆದರೆ ವೀಳ್ಯ ಇಟ್ಟಾಗಿತ್ತು, ಅವನಿಗೆ ಉಳಿದದ್ದು ರಣಧೀರನ ಪಾತ್ರ. ಮುಖ್ಯ ಅತಿಥಿಗಳಾಗಿ ವೇಣುಗೋಪಾಲ್ ಸಾಹೇಬರನ್ನು ಕದಿರೇಶನೇ ಹೋಗಿ ಕರೆದ. "ಡೈಲಾಗ್ ಇರುತ್ತೇನ್ರೀ?" ಎಂದು ಅವರು ಕೇಳಿದರು. "ಬೇಕಾದಷ್ಟಿದೆ ಸಾರ್" ಎಂದು ಬಂದ.

ಒಂದು ಭಾನುವಾರ ಬೆಳಿಗ್ಗೆ ಕೋಲಾರದ ರಂಗಮಂದಿರದಲ್ಲಿ ಆಟ. ಈಗೆಲ್ಲ ಹಗಲು ನಾಟಕವೇ. ಬೆಳಿಗ್ಗೆ ಕೂತರೆ ಸಂಜೆ ಕಾಫಿಗೆ ಮಹಾರಾಜ ಸಾಯುತ್ತಾನೆ. ಮೈಕ್ ಸೆಟ್ಟಿನ ವೆಂಕಟ್ ಸ್ಪ್ಯಾನರ್ ಹಿಡಿದು ಬಂದು, "ಮಹಾರಾಜರ ಅಳತೆ ಎಷ್ಟು ಮೇಷ್ಟ್ರೇ?" ಎಂದ. ಕಿರೀಟ ಹಾಕಿಕೊಂಡು ಕದಿರೇಶ ಮುಂದೆ ಬಂದು ನಿಂತ. ಎರಡು ಸ್ಟ್ಯಾಂಡುಗಳೂ ಅವನ ಬಾಯಿಯ ಮಟ್ಟಕ್ಕೆ ಇಳಿದವು. ವೆಂಕಟ್ ಬೋಲ್ಟು ಬಿಗಿದ, ಅರಿಶಿನ ಕುಂಕುಮ ಹಚ್ಚಿದ, ನಿಂಬೆಹಣ್ಣು ಕಟ್ಟಿದ. ಅನಾಹುತ ಏನೆಂದು ಹೊಳೆದು ಮೇಷ್ಟ್ರು ಬಾಯಿ ತೆರೆಯುವ ಹೊತ್ತಿಗೆ ಕರ್ಪೂರ ಹಚ್ಚಿ ಆಗಿತ್ತು. ತಾವೇ ಮಾಡಿದ ರೂಲ್ಸು, ಯಾರನ್ನು ಬೈಯುವುದು? ತಮ್ಮನ್ನೇ ತೆಲುಗಿನಲ್ಲಿ ಬೈದುಕೊಂಡು ಹಾರ್ಮೋನಿಯಂ ಮುಂದೆ ಕೂತರು.

ಪರದೆ ಸರಿಯಿತು. ಕದಿರೇಶ ಒಡ್ಡೋಲಗಕ್ಕೆ ಬಂದಾಗ ನಿರೀಕ್ಷಿಸಿದಂತೆಯೇ ಸಭೆ ಗೊಳ್ಳೆಂದಿತು. ಹಿಂದಿನ ಸಾಲಿನಿಂದ "ಅಣ್ಣಾ, ಇಳಿಸಣ್ಣಾ" ಎಂದು ಕೂಗೂ ಬಂತು. ಅವನು ಕ್ರೇಟಿಲ್ಲದೆ, ಕತ್ತು ನೆಟ್ಟಗಿಟ್ಟುಕೊಂಡು, ಮೈಕಿನ ಮುಂದೆ ನಿಂತು ಪದ್ಯ ಎತ್ತಿಕೊಂಡ. ನಗು ಅರ್ಧ ಪದ್ಯದವರೆಗೆ ಇತ್ತು, ಆಮೇಲೆ ಇರಲಿಲ್ಲ.

ಮುಂದೆ ಮಂತ್ರಿ ಬಂದ. ಅವನು ಮೈಕು ಹುಡುಕಿದ. ಅದು ಹೊಕ್ಕುಳ ಹತ್ತಿರ ಇತ್ತು. ಬಗ್ಗಿದ, ಕಿರೀಟ ಉರುಳಿತು. ಸೇನಾಪತಿ ಬಗ್ಗಿದ, ಪಂಚೆಯ ಗಂಟು ಸಡಿಲವಾಯಿತು. ಕೊನೆಗೆ ರಣಧೀರನಾಗಿ ಮಂಡಿ ಚನ್ನರಾಯಪ್ಪ ಗದೆ ಬೀಸಿಕೊಂಡು ಬಂದು, "ಎಲೈ ವೀರಕೇತು! ನನ್ನೆದುರು ತಲೆಬಾಗದವರು ಮೂರು ಲೋಕದಲ್ಲಿಲ್ಲ!" ಎಂಬ ಮಾತನ್ನು ಬೆನ್ನು ಕಮಾನಾಗಿ, ಮುಖ ನೆಲಕ್ಕೆ ಹಾಕಿ ಹೇಳಬೇಕಾಯಿತು. ಎದುರಿಗೆ ಮಹಾರಾಜ ನೆಟ್ಟಗೆ ನಿಂತಿದ್ದ. ಜನ ಕುರ್ಚಿಯಿಂದ ಬೀಳುವಂತೆ ನಕ್ಕರು. ಈ ಸಲ ನಕ್ಕದ್ದು ಮಹಾರಾಜನನ್ನು ಕಂಡಲ್ಲ, ಎದುರಿನವನನ್ನು ಕಂಡು. ಅಲ್ಲಿಂದ ಮುಂದೆ ಆಸ್ಥಾನಕ್ಕೆ ಆಸ್ಥಾನವೇ ಸೊಂಟ ಹಿಡಿದುಕೊಂಡು ರಾಜ್ಯಭಾರ ಮಾಡಿತು.

ವೇಣುಗೋಪಾಲ್ ಸಾಹೇಬರು ಪದ್ಧತಿಯ ಪ್ರಕಾರ ತಡವಾಗಿ, ಸರಿಯಾಗಿ ಯುದ್ಧದ ಮಧ್ಯೆ ಬಂದರು. ಪದ್ಧತಿಯ ಪ್ರಕಾರವೇ ಯುದ್ಧ ನಿಂತಿತು. ಗದೆ ಎತ್ತಿದ ರಣಧೀರ ಎತ್ತಿದ ಹಾಗೆಯೇ ನಿಂತ. ಸಾಹೇಬರು ವೇದಿಕೆ ಹತ್ತಿ ಮಹಾರಾಜನಿಗೆ ಶಾಲು ಹೊದಿಸಿ, ಫೋಟೋಕ್ಕೆಂದು ಅಭ್ಯಾಸಬಲದಿಂದ ಅವನ ಕಂಕುಳಿಗೆ ಎರಡೂ ಕೈ ಚಾಚಿದರು. ಕದಿರೇಶ ಒಂದು ಹೆಜ್ಜೆ ಹಿಂದಿಟ್ಟು ವೀರಕೇತುವಿನ ದನಿಯಲ್ಲೇ ಗುಡುಗಿದ: "ಮಂತ್ರೀ! ರಾಜಶರೀರವನ್ನು ಮುಟ್ಟಬಾರದೆಂದು ಅತಿಥಿಗಳಿಗೆ ತಿಳಿಸು!"

ಚಪ್ಪಾಳೆಗೆ ಸೂರು ಹಾರಿತು. ಸಾಹೇಬರು ಕೈ ಹಿಂದಕ್ಕೆ ಎಳೆದುಕೊಂಡು, ಪೆಚ್ಚು ನಗೆ ನಕ್ಕು, ಎರಡು ಮಾತಾಡಲು ಮೈಕಿನ ಹತ್ತಿರ ಹೋದರು. ಮೈಕು ಕೆಳಗಿತ್ತು.

"ಇದನ್ನ ಸ್ವಲ್ಪ ಎತ್ತಪ್ಪ."

"ಆಗಲ್ಲ ಸಾರ್" ಎಂದ ವೆಂಕಟ್. "ರೂಲ್ಸಿಲ್ಲ."

"ಏನ್ ರೂಲ್ಸಯ್ಯಾ ಮೈಕ್ ಎತ್ತೋಕೆ?"

"ಪೂಜೆ ಆಗ್ಬಿಟ್ಟಿದೆ ಸಾಮೀ" ಎಂದು ಮೇಷ್ಟ್ರು ಕೈಮುಗಿದರು. "ಮಂಗಳಾರತಿವರೆಗೂ ಮುಟ್ಟಂಗಿಲ್ಲ. ಹಾರ್ಮೋನಿಯಂಗೆ ಆಗಿಬರಲ್ಲ."

ಸಾಹೇಬರು ಬಗ್ಗಿದರು. ಹೊಟ್ಟೆ ಅಡ್ಡ ಬಂತು. ಗದೆ ಎತ್ತಿಕೊಂಡೇ ಇದ್ದ ಚನ್ನರಾಯಪ್ಪ ಅನುಭವದಿಂದ ಪಿಸುಗುಟ್ಟಿದ: "ಮಂಡಿ ಊರಿ ಸಾರ್. ಬಗ್ಗಿ ಬಗ್ಗಿ ನನ್ನ ಸೊಂಟ ಹೋಗೈತೆ." ಬೇರೆ ದಾರಿ ಕಾಣದೆ ವೇಣುಗೋಪಾಲರು ಮಂಡಿಯೂರಿ, "ಮಾನ್ಯ ಸಭಿಕರೇ" ಎಂದರು. ಹಿಂದಿನ ಸಾಲಿನಿಂದ ಯಾರೋ "ಅಣ್ಣಾ, ಎತ್ತಣ್ಣಾ!" ಎಂದು ಕೂಗಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಸಾಹೇಬರು "ಕಲೆ ಎಂಬುದು" ಎಂದರು, ನಗು. "ನಮ್ಮ ಸಂಸ್ಕೃತಿ" ಎಂದರು, ಇನ್ನೂ ಜೋರು ನಗು. ಅವರ ಹಣೆಯಲ್ಲಿ ಬೆವರಿಳಿಯಿತು. ಹೇಳಬೇಕೆಂದುಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. ದಿಕ್ಕು ತೋಚದೆ ಪಕ್ಕಕ್ಕೆ ತಿರುಗಿದರೆ, ಕದಿರೇಶನ ಮುಖ ತಮ್ಮ ಮುಖದ ಮಟ್ಟಕ್ಕೇ ಇತ್ತು. ಅವನೊಬ್ಬ ನಗುತ್ತಿರಲಿಲ್ಲ.

"ಹಂಗೇ ನಗ್ತಾರೆ ಸಾರ್" ಎಂದ ಕದಿರೇಶ ಮೆಲ್ಲಗೆ. "ಮಾತು ಮುಗಿಯೋವರೆಗೂ ನಗ್ತಾರೆ. ನೀವು ಹೇಳಿ, ನಾನು ಕೇಳ್ತಾ ಇದೀನಿ."

ಮೆಲ್ಲಗೆ ಹೇಳಿದ್ದರೂ ಎದುರಿಗೇ ಮೈಕಿತ್ತು. ಕೊನೆಯ ಸಾಲಿನವರೆಗೂ ಕೇಳಿಸಿತು. ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಸಾಹೇಬರು ಹಣೆಯ ಬೆವರು ಒರೆಸಿಕೊಂಡರು. ನಾಚಿಕೆಯಾಗಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು.

"ಎಷ್ಟು ಇಳಿಸ್ಬೇಕು ಕದಿರೇಶ್, ಆ ಕಿಟಕಿ?" ಎಂದರು.

"ನನ್ನ ಕೇಳ್ಬೇಡಿ ಸಾರ್. ಅಶ್ವತ್ಥಕ್ಕ ಮುಂದೇನೇ ಕೂತವಳೆ, ಕೇಳಿ."

ಮೊದಲ ಸಾಲಿನ ಮುಂದೆ ನೆಲದ ಮೇಲೆ ಕೂತಿದ್ದ ಅಶ್ವತ್ಥಮ್ಮ ಚಪ್ಪಲಿ ಹಾಕಿದ ಕೈಯನ್ನು ತನ್ನ ಗಲ್ಲದ ಮಟ್ಟಕ್ಕೆ ಅಡ್ಡವಾಗಿ ಹಿಡಿದು, "ಇಷ್ಟು!" ಎಂದಳು.

"ಸಾರ್, ಕೈ ಜೋಮು ಹಿಡೀತಾ ಐತೆ" ಎಂದ ರಣಧೀರ ಹಿಂದಿನಿಂದ. ಯುದ್ಧ ಮುಂದುವರಿಯಿತು.

ಸಂಜೆ ವೀರಕೇತು ಮಹಾರಾಜ ಸತ್ತಾಗ ಬೈರಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, ಪಕ್ಕದವಳಿಗೆ, "ಸಾಯೋದು ಎಷ್ಟು ಚೆನ್ನಾಗಿ ಸಾಯ್ತಾನೆ ನೋಡು ನನ್ನ ಮಗ. ಇಂಥೋನಿಗೆ ಹೆಣ್ಣು ಕೊಡಲ್ಲ ಅಂತಾರಲ್ಲ" ಎಂದಳು.

ಅದೇ ವಾರ ಗಾರೆಯವರು ಬಂದು ಗೋಡೆ ಒಡೆದರು. ರೂಲ್ಸು ಎಲ್ಲಿಂದ ಸಿಕ್ಕಿತೋ ಯಾರೂ ಕೇಳಲಿಲ್ಲ. ಕಿಟಕಿ ಇಳಿದ ದಿನ ಅಶ್ವತ್ಥಮ್ಮ ಮೊದಲು ಹೋದಳು. ಕೈಯ ಚಪ್ಪಲಿ ಬಿಚ್ಚಿ, ಕಟ್ಟೆಯ ಮೇಲೆ ಮೊಣಕೈ ಊರಿ, ಒಳಗೆ ಇಣುಕಿದಳು. ಇಷ್ಟು ಕಾಲ ಮೇಲಿನಿಂದ ಗಡಸು ದನಿಯಲ್ಲಿ "ನೆಕ್ಸ್ಟ್" ಎನ್ನುತ್ತಿದ್ದವನು ಅಲ್ಲಿ ಕೂತಿದ್ದ. ಗುಮಾಸ್ತ ಕಾಂತರಾಜ್, ಸಣ್ಣ ವಯಸ್ಸು, ಬೆಳಿಗ್ಗೆ ತಿಂದ ಉಪ್ಪಿಟ್ಟಿನ ರವೆ ಇನ್ನೂ ಗಲ್ಲಕ್ಕೆ ಅಂಟಿಕೊಂಡಿತ್ತು.

"ಅಯ್ಯೋ ನನ್ನ ತಂದೇ," ಎಂದಳು ಅಶ್ವತ್ಥಮ್ಮ. "ಈ ಪಿಲ್ಲೋಡಿಗಾ, ಈ ಹುಡುಗನಿಗಾ ನಾನು ಇಷ್ಟು ವರ್ಷ ಹೆದರ್ಕೊಂಡು ಸತ್ತಿದ್ದು? ಗಲ್ಲ ಒರೆಸ್ಕೊಳಪ್ಪ ಮೊದಲು."

ಕಾಂತರಾಜ್ ಒರೆಸಿಕೊಂಡ. ಆದರೆ ಅವನ ಪಾಡು ಬೇರೆಯೇ ಇತ್ತು. ಕಿಟಕಿ, ಕಟ್ಟೆ ಎರಡೂ ಇಳಿದಿದ್ದವು, ಕುರ್ಚಿ ಹಳೆಯದೇ. ಮೊಣಕಾಲು ಕಟ್ಟೆಯ ಕೆಳಗೆ ಹೋಗುತ್ತಿರಲಿಲ್ಲ, ಬರೆಯಬೇಕಾದರೆ ಎರಡು ಮಡಿಕೆಯಾಗಬೇಕಿತ್ತು. ಕುರ್ಚಿ ತಳ್ಳಿ ಎದ್ದು ನಿಂತ, ಮತ್ತೆ ಕೂತ, ಹೇಗೆ ಕೂತರೂ ಸರಿಹೋಗಲಿಲ್ಲ.

ಕದಿರೇಶ ಪಕ್ಕದ ಬಾಗಿಲಿನಿಂದ ಒಳಗೆ ಹೋದ. ಕಂಕುಳಿನ ನೀಲಿ ಕ್ರೇಟನ್ನು ಬೋರಲು ಹಾಕಿ, ಅಂಗೈಯಿಂದ ಧೂಳು ಒರೆಸಿ, ಅವನ ಮುಂದೆ ಸರಿಸಿದ.

"ಇದರ ಮೇಲೆ ಕೂತ್ಕೊಳ್ಳಿ ಸಾರ್. ಮೂಲೆ ಸೀಳಿದೆ, ನೋಡ್ಕೊಂಡು. ಸ್ವಲ್ಪ ದಿನ ಕಷ್ಟ ಆಗುತ್ತೆ, ಆಮೇಲೆ ಅಭ್ಯಾಸ ಆಗುತ್ತೆ."

ಕಾಂತರಾಜ್ ಕ್ರೇಟಿನ ಮೇಲೆ ಕೂತು ಅಶ್ವತ್ಥಮ್ಮನ ಹೆಸರು ಕೇಳಿದ. ಕದಿರೇಶ ಕೈಬೀಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.